ಅಂಗಳಕ್ಕೆ ಬಂದ ಮಣ್ಣು

"ಏ ಗಿಡ್ಡಿ, ಕಣ್ಣೇನು ನೆತ್ತಿ ಮೇಲಿದ್ಯೇನೇ ಮುಂಡೇದೆ? ಅಲ್ಲಿ ದಿಬ್ಬ, ಇಲ್ಲಿ ಹಳ್ಳ! ತುಳಿ. ಇನ್ನೂ ಗಟ್ಟಿಯಾಗಿ ತುಳಿ. ಹೊಟ್ಟೆಗೇನೂ ತಿನ್ನಲ್ವಾ?"

ಸಣ್ಣ ಧಣಿ ಜಗಲಿಯ ಮೇಲೆ ನಿಂತು ಕೂಗುತ್ತಿದ್ದ. ಗಿಡ್ಡಿ ಸೀರೆ ಎತ್ತಿ ಕಟ್ಟಿ, ಟ್ರ್ಯಾಕ್ಟರ್ ಸುರಿದು ಹೋದ ಹಸಿ ಮಣ್ಣನ್ನು ಬರಿಗಾಲಲ್ಲಿ ತುಳಿದಳು. ಅವಳ ಜೊತೆ ಇನ್ನೂ ನಾಲ್ಕು ಹೆಂಗಸರು. ಹುಟ್ಟಿದಾಗಿನಿಂದ ಆ ಮನೆಯ ಹಿತ್ತಿಲ ಬಾಗಿಲು ಮಾತ್ರ ಕಂಡವರು, ಮುಂದಿನ ಅಂಗಳಕ್ಕೆ ಕಾಲಿಟ್ಟದ್ದು ಇದೇ ಮೊದಲು.

ದೊಡ್ಡ ಧಣಿ ಸತ್ತ ಮೇಲೆ ಮನೆ ಬೀಗ ಹಾಕಿಕೊಂಡು ಬಾವಲಿಗಳ ಪಾಲಾಗಿತ್ತು. ಈಗ ಮಗ ಬಂದು ಅದನ್ನು ಎಬ್ಬಿಸಿ ನಿಲ್ಲಿಸುತ್ತಿದ್ದ. ಪಟ್ಟಣದವರು ರಜೆಗೆ ಬಂದು ಬಾಡಿಗೆ ಕೊಟ್ಟು ನಾಲ್ಕು ದಿನ ಇದ್ದು ಹೋಗಲಿ ಅಂತ. ಹಳೇ ಹೆಂಚು ಇಳಿದು ಹೊಸದು ಏರಿತು. ಗೋಡೆಗೆ ಸುಣ್ಣ ಬಿತ್ತು. ದನದ ಕೊಟ್ಟಿಗೆಗೆ ಗಾಜಿನ ಬಾಗಿಲೂ ಮೊಣಕಾಲೆತ್ತರದ ಮೆತ್ತನೆ ಹಾಸಿಗೆಯೂ ಬಂದವು. "ಆ ದನಗಳು ಪುಣ್ಯ ಮಾಡಿರ್ಲಿಲ್ಲ ನೋಡ್ರೇ, ಅವಸರ ಮಾಡ್ಕೊಂಡು ಸತ್ವು" ಎಂದು ಗಿಡ್ಡಿಯೇ ಅಂದು ಎಲ್ಲರನ್ನೂ ನಗಿಸಿದ್ದಳು.

ಕೆಲಸ ಶುರುವಾಗುವ ಮೊದಲು ಅವಳು ಧಣಿಯನ್ನು ಒಂದೇ ಒಂದು ಮಾತು ಕೇಳಿದ್ದಳು. ಹಿತ್ತಿಲ ಕೊನೆಯಲ್ಲಿ, ಬೇಲಿ ತಿರುಗುವ ಮೂಲೆಯಲ್ಲಿ, ಕೂಲಿ ಕೇರಿಯವರು ತಮ್ಮ ಸತ್ತವರನ್ನು ಹೂಳುತ್ತಿದ್ದರು. ಗಿಡ್ಡಿಯ ಮಗಳೂ ಅಲ್ಲೇ ಇದ್ದಳು. ನಾಲ್ಕು ವರ್ಷದ ಕೂಸು. ಜ್ವರ ನೆತ್ತಿಗೇರಿ ಕಣ್ಣು ಮೇಲೆ ಸಿಕ್ಕಿಸಿಕೊಂಡಾಗ ಗಿಡ್ಡಿಯ ಗಂಡ ಓಡಿ ಬಂದು ದೊಡ್ಡ ಧಣಿಯ ಜೀಪು ಬೇಡಿದ್ದ. "ಸುಗ್ಗಿ ಹೊತ್ನಲ್ಲಿ ಜೀಪು ಕೊಟ್ಟು ನಾನೇನು ಹೆಗಲ ಮೇಲೆ ಮೂಟೆ ಹೊರ್ಲಾ? ಒದ್ದೆ ಬಟ್ಟೆ ಹಾಕು, ಬಿಡುತ್ತೆ" ಎಂದಿದ್ದರು ದೊಡ್ಡ ಧಣಿ. ಗಂಡ ಹೆಂಡತಿ ಕೂಸನ್ನು ಹೊತ್ತು ನಡೆದರು. ಆಸ್ಪತ್ರೆ ಇನ್ನೂ ದೂರವಿದ್ದಾಗಲೇ ಗಿಡ್ಡಿಯ ಹೆಗಲ ಮೇಲಿನ ಭಾರ ಬೇರೆಯಾಯಿತು. ಅದು ಅವಳಿಗೆ ತಿಳಿಯಿತು. ಗಂಡನಿಗೆ ಹೇಳದೆ ಇನ್ನಷ್ಟು ದೂರ ನಡೆದಳು.

"ಆ ಮೂಲೆ ಒಂದು ಹಂಗೇ ಬಿಟ್ಬಿಡಿ ಧಣಿ" ಎಂದಿದ್ದಕ್ಕೆ ಸಣ್ಣ ಧಣಿ, "ನಿಮ್ಮ ಹೆಣದ ಜಾಗ ಕಟ್ಕೊಂಡು ನಾನೇನ್ ಮಾಡ್ಲಿ? ಹೋಗೇ, ಕೈ ಹಚ್ಚಲ್ಲ" ಎಂದಿದ್ದ. ಸಾಲದ್ದಕ್ಕೆ ಅವಳ ಗಂಡನಿಗೆ ತೋಟಕ್ಕೆ ನೀರು ಬಿಡುವ ಕೆಲಸವನ್ನೂ, ಒಂದು ಟೋಪಿಯನ್ನೂ ಕೊಟ್ಟಿದ್ದ. ಮುದುಕನಾಗುತ್ತಿದ್ದ ಗಂಡನಿಗೆ ನೆರಳಿನ ಕೆಲಸ ಸಿಕ್ಕಿತಲ್ಲ ಎಂದು ಗಿಡ್ಡಿ ಆ ದಿನ ಧಣಿಗೆ ಕೈ ಮುಗಿದಿದ್ದಳು.

ಆಮೇಲೆ ಹಿತ್ತಿಲಿಗೆ ತಗಡಿನ ಮರೆ ಕಟ್ಟಿದರು. ಒಳಗೆ ಮಿಷಿನ್ನು ಗುರುಗುಟ್ಟುತ್ತಿತ್ತು. ಬಾವಿಯ ಪಕ್ಕ ಏನೋ ಅಗೆಯುತ್ತಾರೆ ಅಂದರು. ಮುಂದಿನ ತಗ್ಗು ಅಂಗಳಕ್ಕೆ ಮಣ್ಣು ಬಂತು, ಹೆಂಗಸರು ತುಳಿದರು, ಅದರ ಮೇಲೆ ಚಾಪೆಯಂತೆ ಸುತ್ತಿ ತಂದ ಹುಲ್ಲು ಹಾಸಿದರು.

ಮೊದಲ ಬಾಡಿಗೆಯವರು ಬರುವ ದಿನ ಬೆಳಿಗ್ಗೆ ತಗಡು ಬಿಚ್ಚಿದರು. ಹಿಂದಿನ ನೆಲಕ್ಕೆ ಅಂಟಿದ ಸಿಮೆಂಟು ಕಲೆ ತಿಕ್ಕಲು ಗಿಡ್ಡಿಯನ್ನು ಕಳಿಸಿದರು. ಬಕೆಟ್ಟು ಹಿಡಿದು ಹೋದವಳು ನಿಂತುಬಿಟ್ಟಳು. ಎದುರಿಗೆ ಈಜುಕೊಳ. ನೀಲಿ ನೀರು ತುಳುಕುತ್ತಿತ್ತು. ಅದು ಬೇಲಿ ತಿರುಗುವ ಮೂಲೆಯವರೆಗೂ ಹಬ್ಬಿತ್ತು.

ಕೊಳದ ಅಂಚಿಗೆ ಕಲ್ಲು ಕೂರಿಸುತ್ತಿದ್ದ ಗಾರೆಯವನನ್ನು ಕೇಳಿದಳು. "ಅಣ್ಣಾ, ಇಲ್ಲಿ ಅಗೆದಾಗ ಏನಾದ್ರೂ ಸಿಕ್ತಾ?"

ಅವನು ತಲೆ ಎತ್ತಲಿಲ್ಲ. "ಏನೋ ಕಂಡು ಮಿಷಿನ್ನಿನವನು ನಿಲ್ಲಿಸಿದ್ನಂತೆ. ನೋಡ್ಬೇಡ, ಟ್ರ್ಯಾಕ್ಟರಿಗೆ ತುಂಬು ಅಂದ್ರಂತೆ ಧಣಿ."

"ಎಲ್ಲಿಗೆ ಸುರಿದ್ರು ಆ ಮಣ್ಣನ್ನ?"

ಗಾರೆಯವನ ಕೈ ನಿಂತಿತು. "ಮುಂದ್ಗಡೆಗೇ ಅಲ್ವೇನಮ್ಮಾ… ನೀವೇ ತುಳಿದ್ರಲ್ಲ."

ಗಿಡ್ಡಿ ತನ್ನ ಕಾಲು ನೋಡಿಕೊಂಡಳು. ಬಕೆಟ್ಟು ಎಲ್ಲಿ ಇಟ್ಟಳೋ ಅವಳಿಗೇ ತಿಳಿಯಲಿಲ್ಲ.

ಅಡುಗೆಮನೆಯ ಹಿಂಬಾಗಿಲಲ್ಲಿ ಸಣ್ಣ ಧಣಿಯೂ ಅವನ ಅಕ್ಕನೂ ಇದ್ದರು.

"ಕೈ ಹಚ್ಚಲ್ಲ ಅಂದಿದ್ರಲ್ಲ ಧಣಿ."

"ಶುರು ಮಾಡಿದ್ಲು ನೋಡು ಶನಿ! ಸತ್ತು ಮಣ್ಣಾದ್ಮೇಲೆ ಮಣ್ಣು ಎಲ್ಲಿದ್ರೇನೇ? ಕಾರು ಬರೋ ಹೊತ್ತು. ಬಾಯಿ ಬಿಟ್ಟೆಯೋ, ನಿನ್ನ ಗಂಡನ ಕೆಲಸಕ್ಕೂ ಕಲ್ಲು ಬೀಳುತ್ತೆ, ಗುಡಿಸಲಿಗೂ ಬೀಳುತ್ತೆ."

"ಬೈಬೇಡ್ವೋ, ಪಾಪ, ಹೆತ್ತ ಹೊಟ್ಟೆ" ಎಂದರು ಅಕ್ಕ. ಒಳಗೆ ಹೋಗಿ ಹಳೇ ರಗ್ಗೊಂದನ್ನು ತಂದು, ಗಿಡ್ಡಿಯ ಕೈ ತಾಗದ ಹಾಗೆ ಹೊಸ್ತಿಲ ಮೇಲೆ ಇಟ್ಟರು. "ತಗೋ, ಚಳಿಗೆ ಆಗುತ್ತೆ. ಸಮಾಧಾನ ಮಾಡ್ಕೋ."

ರಗ್ಗು ಹೊಸ್ತಿಲ ಮೇಲೇ ಉಳಿಯಿತು.

ಅವಳು ಮನೆ ಸುತ್ತಿ ಮುಂದೆ ಬರುವಷ್ಟರಲ್ಲಿ ಬಾಡಿಗೆಯವರು ಬಂದಾಗಿತ್ತು. ಹುಲ್ಲಿನ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಅವರ ಪುಟ್ಟ ಮಗಳು ಚಪ್ಪಲಿ ಬಿಟ್ಟು ಉರುಳಾಡುತ್ತಿದ್ದಳು. ಗಿಡ್ಡಿ ಹತ್ತಿರ ಹೋಗಿ, ಬಗ್ಗಿ, "ಸ್ವಲ್ಪ ಆಚೆ ಆಡ್ಕೋ ಹೋಗು ನನ್ನವ್ವ" ಎಂದು ಅದರ ತಲೆ ಸವರಿದಳು. ಮಗು ಎದ್ದು ಅಮ್ಮನ ಬಳಿಗೆ ಓಡಿತು. ಗಿಡ್ಡಿ ಹುಲ್ಲಿನ ನಡುವೆ ಕುಕ್ಕರಿಸಿ ಕೂತು, ಎರಡೂ ಅಂಗೈ ನೆಲಕ್ಕೆ ಊರಿದಳು.

"ಯಾರಿದು?" ಎಂದು ಬಾಡಿಗೆಯವರು ಕೇಳಿದರು.

ಧಣಿ ಅವರತ್ತ ನಕ್ಕು, "ಸ್ವಲ್ಪ ತಲೆ ಸರಿಯಿಲ್ಲ, ಪಾಪ" ಎಂದ. ಇವಳ ಹತ್ತಿರ ಬಂದು ಹಲ್ಲು ಕಚ್ಚಿ, "ಎದ್ದೇಳೇ ಬೋಳಿಮಗಳೇ" ಎಂದ. ಅವಳು ಏಳಲಿಲ್ಲ. ಗೋಡೆಯ ಬಳಿ ಗಿಡಗಳಿಗೆ ಪೈಪು ಹಿಡಿದು ನಿಂತಿದ್ದ ಅವಳ ಗಂಡನಿಗೆ ಧಣಿ ಕೂಗಿದ: "ಏಯ್, ಎಳ್ಕೊಂಡ್ ಹೋಗೋ ನಿನ್ ಹೆಂಡ್ತೀನ! ಇಲ್ಲಾಂದ್ರೆ ಇಬ್ರೂ ಈಗ್ಲೇ ಜಾಗ ಖಾಲಿ ಮಾಡಿ."

ಗಂಡ ಪೈಪು ಬಿಟ್ಟು ಬಂದ. ಹೆಂಡತಿಯ ರಟ್ಟೆಗೆ ಕೈ ಹಾಕಿ, "ಏಳೇ, ಅನ್ನಕ್ಕೆ ಮಣ್ಣು ಹಾಕ್ಬೇಡ" ಎಂದ.

"ನಮ್ ಕೂಸು ಆ ಮೂಲೇಲಿಲ್ಲ ಕಣೋ" ಎಂದಳು ಗಿಡ್ಡಿ. "ಕೊಳ ಮಾಡವ್ರೆ. ಆ ಮಣ್ಣು ತಂದು ಇಲ್ಲಿ ಸುರಿದ್ರು. ನಾನೇ ತುಳಿದೆ. ಈ ಕಾಲಲ್ಲೇ ತುಳಿದೆ."

ಗಂಡನ ಕೈ ಅವಳ ರಟ್ಟೆಯ ಮೇಲೇ ಇತ್ತು. ಅವನು ಹುಲ್ಲನ್ನು ಈ ಕೊನೆಯಿಂದ ಆ ಕೊನೆಯವರೆಗೆ ನೋಡಿದ.

"ಎಲ್ಲಿ?" ಎಂದ.

"ಗೊತ್ತಿಲ್ಲ."

ಧಣಿ ಏನೋ ಕೂಗುತ್ತಿದ್ದ, ಬಾಡಿಗೆಯವರು ಕುರ್ಚಿ ಬಿಟ್ಟು ಏಳುತ್ತಿದ್ದರು. ಗಂಡ ಟೋಪಿ ತೆಗೆದು ಜಗಲಿಯ ಅಂಚಿಗಿಟ್ಟ. ಗೋಡೆಗೆ ಒರಗಿಸಿದ್ದ ಗುದ್ದಲಿ ತಂದ. ಅಂಗಳದ ಒಂದು ತುದಿಗೆ ಹೋಗಿ, ಹುಲ್ಲಿನ ಅಂಚಿಗೆ ಹಾಕಿ ಎತ್ತಿದ. ಹುಲ್ಲು ಚಾಪೆಯ ಹಾಗೆ ಮೇಲಕ್ಕೆದ್ದಿತು. ಗಿಡ್ಡಿ ಅದರ ಪಕ್ಕಕ್ಕೆ ಬಂದು ಕೂತು, ಕೆಳಗಿನ ಮಣ್ಣನ್ನು ಒಂದೊಂದೇ ಹಿಡಿ ತೆಗೆದು, ಬೆರಳಲ್ಲಿ ಪುಡಿ ಮಾಡಿ ನೋಡತೊಡಗಿದಳು.