ಎಲ್ಲರೂ ಒಂದೇ ಸಲಕ್ಕೆ

ಅಕ್ಕ ತೀರಿಕೊಂಡ ಮೇಲೆ ಅವಳ ಮೂವರು ಮಕ್ಕಳೂ ಒಂದು ಮುದಿ ನಾಯಿಯೂ ತಂಗಿಯ ಮನೆಗೆ ಬಂದರು. ಮಕ್ಕಳ ಅಪ್ಪ ಕೊನೆಯವಳು ಹುಟ್ಟುವ ಮೊದಲೇ ಮನೆ ಬಿಟ್ಟು ಹೋದವನು. ಸಾವಿನ ಸುದ್ದಿ ಮುಟ್ಟಿಸೋಣವೆಂದರೂ ಅವನೆಲ್ಲಿದ್ದಾನೆಂಬುದು ಯಾರಿಗೂ ಗೊತ್ತಿರಲಿಲ್ಲ. ತಂಗಿಗೂ ಅವಳ ಗಂಡನಿಗೂ ಸ್ವಂತ ಮಕ್ಕಳಿರಲಿಲ್ಲ. ಇಬ್ಬರೂ ಸೇರಿ ಒಂದು ಲಾಂಡ್ರಿ ನಡೆಸುತ್ತಿದ್ದರು. ಹೋಟೆಲುಗಳ ಹಾಸು, ಹೊದಿಕೆ, ಟವೆಲುಗಳನ್ನು ಒಗೆದು, ಬಿಸಿ ರೋಲರಿನಡಿ ಹಾಯಿಸಿ, ಮಡಿಸಿ ತಲುಪಿಸುವ ಕೆಲಸ. ಅದಕ್ಕೊಂದು ವ್ಯಾನು. ಮುಂದೆ ಎರಡೇ ಸೀಟು, ಬೆನ್ನ ಹಿಂದೆ ತಗಡಿನ ಗೋಡೆ, ಗೋಡೆಯಾಚೆ ಕಿಟಕಿಯಿಲ್ಲದ ಪೆಟ್ಟಿಗೆಯ ತುಂಬ ಬಟ್ಟೆ ಮೂಟೆ.

ಇಬ್ಬರಿಗೆ ಅಷ್ಟು ಸಾಕಾಗಿತ್ತು. ಈಗ ಎಲ್ಲಿಗೆ ಹೊರಟರೂ ಅರ್ಧ ಜನ ಬಾಗಿಲಲ್ಲೇ ಉಳಿಯಬೇಕು.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ನಮ್ಮನೇಲಿ ಹಾಸಿಗೆಗೇನೂ ಬರ ಇಲ್ಲ, ಕಾಲುಗಳೇ ಜಾಸ್ತಿ ಆಗಿರೋದು," ಎಂದು ಗಂಡ ಒಂದು ಬೆಳಿಗ್ಗೆ ನಕ್ಕ. ಆಮೇಲೆ ದನಿ ತಗ್ಗಿಸಿ, "ನಾಯಿನ ಯಾರಿಗಾದ್ರೂ ಒಳ್ಳೆಯವರಿಗೆ ಕೊಟ್ರೆ ಒಂದು ಸಣ್ಣ ಕಾರು ತಗೊಂಡು ಹೊಂದಿಸ್ಕೋಬಹುದು, ಅಲ್ವಾ?" ಎಂದ.

ದೊಡ್ಡ ಹುಡುಗಿ ಬಚ್ಚಲುಮನೆಯಿಂದ ತಲೆ ಒರೆಸಿಕೊಳ್ಳುತ್ತ ಬಂದವಳು ಅದನ್ನು ಕೇಳಿಸಿಕೊಂಡಳು. ಹೈಸ್ಕೂಲಿನ ಹುಡುಗಿ. ಅಮ್ಮ ಸತ್ತಾಗಿನಿಂದ ಅವಳು ಅತ್ತಿದ್ದನ್ನು ಯಾರೂ ನೋಡಿರಲಿಲ್ಲ.

"ಕುಂಬಳನ್ನ ಕೊಡೋದಾದ್ರೆ ನನ್ನೂ ಜೊತೇಲೇ ಕೊಟ್ಬಿಡಿ ಚಿಕ್ಕಪ್ಪ," ಎಂದಳು.

ಅವನ ಮುಖ ಸಪ್ಪಗಾಯಿತು. ಕುಂಬಳ ಎಂಬುದು ನಾಯಿಯ ಹೆಸರು. ಮರಿಯಾಗಿದ್ದಾಗ ಹೊಟ್ಟೆಯ ಮೇಲೆ ಉರುಳುತ್ತಿತ್ತಂತೆ, ಅಕ್ಕನೇ ಇಟ್ಟದ್ದು. ಈಗ ಅದಕ್ಕೆ ಹಿಂಗಾಲುಗಳಲ್ಲಿ ಬಲವಿಲ್ಲ. ಮೆಟ್ಟಿಲು ಕಂಡರೆ ನಿಂತು, ಯಾರಾದರೂ ಎತ್ತಲಿ ಎಂದು ಕತ್ತು ತಿರುಗಿಸಿ ಕಾಯುತ್ತದೆ. ಎತ್ತುವವರ ಸೊಂಟ ಹಿಡಿದುಕೊಳ್ಳುವಷ್ಟು ಭಾರ. ಆ ಮಾತನ್ನು ಗಂಡ ಮತ್ತೆ ಎತ್ತಲಿಲ್ಲ. ಮಾರನೆಯ ದಿನದಿಂದ ಅವನೇ ಕಂಡಕಂಡವರನ್ನೆಲ್ಲ ಹಳೇ ಕಾರಿನ ವಿಚಾರ ಕೇಳತೊಡಗಿದ.

ರಜೆಯ ದಿನ ಎಲ್ಲರೂ ಬಸ್ಸು ಹಿಡಿದು ಹಳೇ ಕಾರುಗಳ ಅಂಗಳಕ್ಕೆ ಹೋದರು. ನಾಯಿ ಇದೆಯೆಂದು ಮೊದಲ ಬಸ್ಸಿನವನು ಹತ್ತಿಸಿಕೊಳ್ಳಲಿಲ್ಲ. ಅಂಗಳದ ಮಾಲೀಕ ಅರಳು ಹುರಿದಂತೆ ಮಾತಾಡುವವನು. ಯಾವ ಕಾರಿನ ಬಾಗಿಲು ತೆಗೆದರೂ, "ಒಬ್ರೇ ಓಡ್ಸಿದ್ದು ಸಾರ್, ಅದೂ ಮೇಷ್ಟ್ರು, ಜೋರಾಗಿ ಓಡ್ಸಿದ್ದೇ ಇಲ್ಲ," ಎನ್ನುತ್ತಿದ್ದ.

"ನಿಮ್ಮಲ್ಲಿರೋ ಕಾರುಗಳ ಲೆಕ್ಕ ನೋಡಿದ್ರೆ ಊರಲ್ಲಿ ಮಕ್ಕಳಿಗಿಂತ ಮೇಷ್ಟ್ರುಗಳೇ ಜಾಸ್ತಿ ಇರ್ಬೇಕು," ಎಂದ ಚಿಕ್ಕಪ್ಪ. ಕೊನೆಯವಳು ಪುಟ್ಟಿ ನಕ್ಕಳು. ನಾಲ್ಕು ವರ್ಷದ ಅವಳಿಗೆ ಮಾತು ಅರ್ಥವಾಗಿರಲಿಲ್ಲ. ಚಿಕ್ಕಪ್ಪ ಮಾಡಿದ ಮುಖಕ್ಕೆ ನಗು ಬಂದಿತ್ತು.

ಮೂರು ಸಾಲು ಸೀಟಿನ ಒಂದು ಕಾರು ಕಣ್ಣಿಗೆ ಚೆನ್ನಾಗಿತ್ತು. ನಡುವಿನವನು, ಮೂರನೇ ಕ್ಲಾಸಿನ ಹುಡುಗ, ಅದರ ಸುತ್ತ ಒಂದು ಸಲ ಬಂದು ಮಾಲೀಕನ ಮುಂದೆ ನಿಂತ.

"ಇದರಲ್ಲಿ ಎಲ್ಲರೂ ಒಂದೇ ಸಲಕ್ಕೆ ಹಿಡಿಸ್ತೀವಾ?"

"ಏಳು ಜನ ಆರಾಮಾಗಿ ಕೂರ್ಬೋದು ಮರಿ."

"ನಾಯಿ?"

"ನಾಯಿಗೆ... ಹಿಂದಿನ ಸೀಟು ಮಡಚಿದ್ರೆ ಆಯ್ತು. ಇಲ್ಲಾಂದ್ರೆ ಎರಡು ಸಲ ಹೊಡೆದ್ರೆ ಆಯ್ತಪ್ಪ, ಅದಕ್ಕೇನು?"

"ಎರಡು ಸಲ ಬೇಡ," ಎಂದ ಹುಡುಗ.

ಚಿಕ್ಕಮ್ಮ ಅಲ್ಲಿ ನಿಲ್ಲಲಾರದೆ, ನೀರು ಕುಡಿಯುವ ನೆಪ ಮಾಡಿ ಗೇಟಿನ ಹೊರಗೆ ಬಂದಳು.

ಆ ದಿನ ಅಕ್ಕನಿಗೆ ಉಸಿರು ಕಟ್ಟುತ್ತಿದೆಯೆಂದು ದೊಡ್ಡವಳು ಫೋನ್ ಮಾಡಿದಾಗ ಚಿಕ್ಕಮ್ಮ ಅಕ್ಕನ ಮನೆಯ ಬೀದಿಯಲ್ಲೇ ಇದ್ದ ಹೋಟೆಲಿಗೆ ಬಟ್ಟೆ ಕೊಡಲು ಬಂದಿದ್ದಳು. ಆಂಬುಲೆನ್ಸಿಗೆ ಕಾಯುವುದಕ್ಕಿಂತ ಇದೇ ಬೇಗ ಎಂದು ಅಕ್ಕನನ್ನು ಎತ್ತಿ ವ್ಯಾನಿನ ಪಕ್ಕದ ಸೀಟಿನಲ್ಲಿ ಕೂರಿಸಿದಳು. ಮಕ್ಕಳು ಗೇಟಿನ ಬಳಿ ನಾಯಿಯ ಕೊರಳಪಟ್ಟಿ ಹಿಡಿದು ನಿಂತಿದ್ದರು. "ಮೂಟೆ ಮಧ್ಯೆ ಕೂತ್ಕೋತೀವಿ ಚಿಕ್ಕಮ್ಮ," ಎಂದು ದೊಡ್ಡವಳು ಹಿಂದಿನ ಬಾಗಿಲಿಗೆ ಕೈ ಹಾಕಿದ್ದಳು. ಕಿಟಕಿಯಿಲ್ಲದ ಪೆಟ್ಟಿಗೆಯೊಳಗೆ ಮಕ್ಕಳನ್ನು ತುಂಬಿಕೊಂಡು ಹೋಗುವುದು ಹೇಗೆ? "ಬೇಡ. ಅಮ್ಮನ್ನ ಆಸ್ಪತ್ರೆಗೆ ಸೇರಿಸಿ ಇನ್ನೊಂದು ಸಲ ಬಂದು ನಿಮ್ಮನ್ನ ಕರ್ಕೊಂಡು ಹೋಗ್ತೀನಿ," ಎಂದು ಅವಳೇ ಬಾಗಿಲು ಹಾಕಿದ್ದಳು. ಆ ಇನ್ನೊಂದು ಸಲ ಬರಲೇ ಇಲ್ಲ. ಆಸ್ಪತ್ರೆಯ ಮೆಟ್ಟಿಲು ಹತ್ತುವ ಮೊದಲೇ ಅಕ್ಕ ಹೋಗಿಬಿಟ್ಟಿದ್ದಳು.

ಮಕ್ಕಳು ಒಂದು ದಿನವೂ ಆ ಮಾತು ಎತ್ತಿರಲಿಲ್ಲ. ಎತ್ತಿ ಬೈದಿದ್ದರೆ ವಾಸಿಯಿತ್ತು.

ಆ ಕಾರಿನ ಹಿಂದಿನ ಸೀಟು ಎಷ್ಟು ಜಗ್ಗಿದರೂ ಮಡಚಿಕೊಳ್ಳಲಿಲ್ಲ. ಆಮೇಲೆ ಇನ್ನೂ ಕೆಲವು ಕಾರುಗಳನ್ನು ನೋಡಿದರು. ಒಂದರಲ್ಲಿ ಎಲ್ಲರೂ ಹಿಡಿಸುತ್ತಿದ್ದರು, ಆದರೆ ತುಕ್ಕು ಹಿಡಿದ ನೆಲದಲ್ಲಿ ರಸ್ತೆ ಕಾಣುತ್ತಿತ್ತು. ಇನ್ನೊಂದರ ಡಿಕ್ಕಿ ಕುಂಬಳನಿಗೆ ಎಷ್ಟು ಎತ್ತರವೆಂದರೆ, ಎತ್ತಿ ಹಾಕಿದ ಚಿಕ್ಕಪ್ಪ ಎರಡು ದಿನ ಬಗ್ಗಿಯೇ ಓಡಾಡಿದ. ಕೊನೆಗೆ ಹೋಟೆಲೊಂದರ ಅಡುಗೆಯವನು ಹೇಳಿದ: ಮಾರ್ಕೆಟ್ಟಿನ ಹಿಂದೆ ಹೂವಿನಂಗಡಿಯಾಕೆ ಒಬ್ಬರಿದ್ದಾರೆ, ದೊಡ್ಡ ಕಾರಿದೆ, ಕೊಡಬೇಕು ಅಂತಾರೆ, ನೋಡೋಕೆ ಬಂದವರನ್ನೆಲ್ಲ ವಾಪಸ್ ಕಳಿಸ್ತಾರೆ, ನೀವೂ ಹೋಗಿ ನೋಡಿ.

ಹೂವಿನಂಗಡಿಯಾಕೆ ಐವತ್ತು ದಾಟಿದ ಹೆಂಗಸು. ಬೆರಳುಗಳ ತುಂಬ ಮುಳ್ಳಿನ ಗೀರು. ಮಾತಾಡದೆ ಹಿತ್ತಲಿಗೆ ಕರೆದೊಯ್ದು ಕಾರಿನ ಹಿಂಬಾಗಿಲು ಎತ್ತಿದಳು. ಒಳಗಿನಿಂದ ಒಂದು ಹಲಗೆ ಎಳೆದು ನೆಲಕ್ಕೆ ಇಳಿಬಿಟ್ಟಳು. ಮುಂದೆ ಇಬ್ಬರಿಗೆ, ನಡುವೆ ಮೂವರಿಗೆ ಸೀಟು. ಅದರ ಹಿಂದೆ ಬರಿದಾದ ಅಗಲ ಜಾಗ. ನೆಲದಲ್ಲಿ ಗಾಲಿಗಳನ್ನು ಬಿಗಿಯುವ ಎರಡು ಪಟ್ಟಿ.

"ಮಗನ ಗಾಲಿಕುರ್ಚಿ ಇಲ್ಲಿರ್ತಿತ್ತು," ಎಂದಳು. "ಈಗ ಬೇಕಾಗಿಲ್ಲ."

ಬೇಕಾಗಿಲ್ಲ ಎಂದರೆ ಏನೆಂದು ದೊಡ್ಡವರಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಅಷ್ಟರಲ್ಲಿ ಕುಂಬಳ ಹಲಗೆಯನ್ನು ಮೂಸಿತು. ಮುಂಗಾಲು ಇಟ್ಟಿತು, ತಡೆಯಿತು, ಯಾರ ಕಡೆಗೂ ಕತ್ತು ತಿರುಗಿಸದೆ ತಾನೇ ಮೆಲ್ಲಗೆ ಹತ್ತಿ ಹೋಗಿ, ಒಂದು ಸುತ್ತು ಸುತ್ತಿ, ಧೊಪ್ಪೆಂದು ಮಲಗಿತು.

"ಏಯ್, ಇಳಿಯೋ!" ಎಂದು ಚಿಕ್ಕಪ್ಪ ಗಾಬರಿಯಾದ. "ಕೂದಲು ಉದುರಿಸುತ್ತೆ ಅಮ್ಮ, ತಪ್ಪು ತಿಳ್ಕೋಬೇಡಿ."

"ಇರ್ಲಿ ಬಿಡಿ. ಈ ಕಾರು ಖಾಲಿ ನಿಂತು ನಿಂತು ನನ್ನನ್ನ ತಿಂದುಹಾಕ್ತಿದೆ."

ಹುಡುಗ ತನ್ನ ಪ್ರಶ್ನೆ ಕೇಳಿಯೇ ಬಿಟ್ಟ. ಆಕೆ ಅವನನ್ನು ಕ್ಷಣ ನೋಡಿದಳು. "ನಾವಿದ್ದದ್ದೇ ಇಬ್ರು ಕಣೋ. ನಾನು ಮುಂದೆ, ಅವನು ಹಿಂದೆ. ಕನ್ನಡೀಲಿ ಮುಖ ನೋಡ್ಕೊಂಡೇ ಜಗಳ ಆಡ್ತಿದ್ವಿ. ನೀವು ಎಷ್ಟು ಜನ ಹಿಡಿಸ್ತೀರೋ ನೀವೇ ಕೂತು ನೋಡಿ." ಬೀಗದ ಕೈ ಚಿಕ್ಕಮ್ಮನಿಗೆ ಕೊಟ್ಟಳು. "ಒಂದು ಸುತ್ತು ಹೋಗ್ಬನ್ನಿ. ನಾನು ಬರಲ್ಲ."

ಚಿಕ್ಕಮ್ಮ ಓಡಿಸಿದಳು. ಗಂಡ ಪಕ್ಕದಲ್ಲಿ, ಮಕ್ಕಳು ನಡುವೆ, ಹಿಂದೆ ನಾಯಿ. ಬಸ್ಸು ಬಿಟ್ಟರೆ ಎಲ್ಲರೂ ಒಂದೇ ವಾಹನದಲ್ಲಿ ಕೂತದ್ದು ಅದೇ ಮೊದಲು. ಮಾರ್ಕೆಟ್ಟು ದಾಟಿತು, ಶಾಲೆ ದಾಟಿತು. ಪುಟ್ಟಿಗೆ ನಿದ್ದೆ ಬಂತು.

"ಚಿಕ್ಕಮ್ಮ," ಎಂದಳು ದೊಡ್ಡವಳು ಇದ್ದಕ್ಕಿದ್ದಂತೆ. "ಅವತ್ತು ದಾರೀಲಿ ಅಮ್ಮ ಏನಾದ್ರೂ ಅಂದ್ಲಾ?"

ಚಿಕ್ಕಮ್ಮ ಕಾರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದಳು. ಗಂಡನಿಗೂ ಹೇಳದ ಮಾತು ಅದು.

"ಕೇಳಿದ್ಲು. ಮಕ್ಕಳು ಹಿಂದೆ ಕೂತಿದ್ದಾರಾ ಅಂತ."

"ನೀನೇನಂದೆ?"

"ಹೂಂ, ಮೂರೂ ಜನ ಇದ್ದಾರೆ ಅಂದೆ. ತಿರುಗಿ ನೋಡೋಕೆ ಹೋದ್ಲು, ತಗಡು ಅಡ್ಡ ಇತ್ತಲ್ಲ. ಕೈ ಹಿಂದೆ ಹಾಕಿ ತಗಡಿನ ಮೇಲೆ ಬಡಿದ್ಲು, ಮೆಲ್ಲಗೆ. ನೀವು ಒಳಗಿಂದ ಬಡೀತೀರಿ ಅಂತ ಕಾದ್ಲು. ನಿದ್ದೆ ಹೋಗಿರ್ಬೇಕು ಅಂದೆ ನಾನು."

ಹುಡುಗ ಮುಂದಕ್ಕೆ ಬಾಗಿದ. "ಅಂದ್ರೆ ಅಮ್ಮ ನಾವು ಜೊತೇಲಿದ್ದೀವಿ ಅಂತಾನೇ ಅಂದ್ಕೊಂಡಿದ್ಲಾ?"

"ಹೂಂ ಕಂದ."

ಅವನು ಹಿಂದಕ್ಕೆ ಒರಗಿ ಕೂತ. ಬಹಳ ಹೊತ್ತು ಹೊತ್ತಿದ್ದ ಭಾರವನ್ನು ಕೆಳಗಿಟ್ಟವನ ಹಾಗೆ ಅವನ ಭುಜಗಳು ಇಳಿದವು. ಆದರೆ ದೊಡ್ಡವಳ ಮುಖ ಕೆಂಪಾಗಿತ್ತು.

"ನಾವು ಇರ್ಲಿಲ್ಲ. ಮೂಟೆ ಮಧ್ಯೆ ಕೂತ್ಕೋತೀವಿ ಅಂದೆ ನಾನು. ಕೂತಿದ್ರೆ ತಿರುಗಿ ಬಡೀತಿದ್ದೆ. ನೀನು ಬಾಗಿಲು ಹಾಕ್ಬಿಟ್ಟೆ."

"ಮಗೂ, ಅವಳಿಗೆ ಹೇಗೆ ಗೊತ್ತಾಗ್ಬೇಕಿತ್ತು..." ಎಂದು ಚಿಕ್ಕಪ್ಪ ಶುರುಮಾಡಿದ.

"ಬೇಡ, ಬಿಡಿ," ಎಂದು ಚಿಕ್ಕಮ್ಮ ಅವನನ್ನು ತಡೆದಳು. "ಅವಳು ಹೇಳ್ತಿರೋದು ನಿಜ. ನಾನೇ ಹಾಕಿದ್ದು."

ಅವಳು ಇಳಿದು ಬಂದು ಪಕ್ಕದ ಸೀಟಿನಲ್ಲಿ ಕೂತಳು. ಉಳಿದ ದಾರಿಯನ್ನು ಗಂಡ ಓಡಿಸಿದ.

ಹೂವಿನಂಗಡಿಯಾಕೆ ಹಿತ್ತಲಲ್ಲೇ ನಿಂತಿದ್ದಳು. ಎಲ್ಲರ ಮುಖ ನೋಡಿ, "ಯಾಕೆ, ಸರಿ ಹೋಗ್ಲಿಲ್ವಾ?" ಎಂದಳು. ಗಂಡ ಹೆಂಡತಿಯ ಮುಖ ನೋಡಿದ. ಹೆಂಡತಿ ನೆಲ ನೋಡಿದಳು. ದೊಡ್ಡವಳೇ ಒರಟಾಗಿ, "ಕುಂಬಳನಿಗೆ ಸರಿಹೋಯ್ತು," ಎಂದಳು.

ವ್ಯಾಪಾರ ಅಲ್ಲಿಗೆ ಮುಗಿಯಿತು. ಆಕೆ ಕಾರಿನೊಳಗೆ ಹೋಗಿ ನೆಲದ ಪಟ್ಟಿಗಳ ಮೇಲೆ ಒಮ್ಮೆ ಕೈಯಾಡಿಸಿದಳು. "ಇದನ್ನ ಕೀಳಿಸ್ಬೇಕು ಅನಿಸಿದ್ರೆ ಕೀಳಿಸಿ," ಎಂದಳು. ಯಾರಿಗೂ ಕೀಳಿಸುವುದು ಬೇಕಿರಲಿಲ್ಲ. ಕಾರು ಹೊರಟಾಗ ಆಕೆ ಕೈ ಬೀಸಲಿಲ್ಲ. ಪುಟ್ಟಿ ಒಬ್ಬಳೇ ತಿರುವು ಬರುವವರೆಗೂ ಬೀಸುತ್ತಿದ್ದಳು.

ಕಾರು ಬಂದ ಮೇಲೆ ಓಡಾಟ ಸಲೀಸಾಯಿತು. ಹುಡುಗ ಈಗ ಚಿಕ್ಕಮ್ಮನ ಪಕ್ಕ ಕೂತು ರೋಲರಿನಿಂದ ಬರುವ ಟವೆಲುಗಳನ್ನು ಮಡಿಸುತ್ತಿದ್ದ, ಬಾಯಿಗೆ ಬಿಡುವಿಲ್ಲದೆ ಅಮ್ಮನ ಕಥೆ ಹೇಳುತ್ತಿದ್ದ. ದೊಡ್ಡವಳು ಮಾತ್ರ ಚಿಕ್ಕಮ್ಮನೊಂದಿಗೆ ಬೇಕಾದಷ್ಟೇ ಮಾತಾಡುತ್ತಿದ್ದಳು. ಸಂಜೆ ಶಾಲೆಯಿಂದ ಬಂದವಳು ನಿಂತ ಕಾರಿನ ಹಿಂಭಾಗದಲ್ಲಿ ಕುಂಬಳನಿಗೆ ಒರಗಿ ಕೂತು ಓದುತ್ತಿದ್ದಳು. ಒಂದು ಸಂಜೆ ಊಟಕ್ಕೆ ಕರೆದರೂ ಒಳಗೆ ಬರಲಿಲ್ಲ. ಚಿಕ್ಕಮ್ಮ ತಟ್ಟೆ ಹಿಡಿದು ತಾನೇ ಹೋದಳು. ಪುಸ್ತಕ ಮುಚ್ಚಿತ್ತು. ಹುಡುಗಿಯ ಮುಖವೆಲ್ಲ ಒದ್ದೆಯಾಗಿತ್ತು, ಒರೆಸಿಕೊಳ್ಳುವ ಗೋಜಿಗೂ ಅವಳು ಹೋಗಿರಲಿಲ್ಲ.

ಚಿಕ್ಕಮ್ಮ ತಟ್ಟೆ ಕೆಳಗಿಟ್ಟು ಹಿಂದಿರುಗುವುದರಲ್ಲಿದ್ದಳು. ಹುಡುಗಿ ಸ್ವಲ್ಪ ಸರಿದು ಜಾಗ ಮಾಡಿದಳು. ಇಬ್ಬರೂ ನಾಯಿಯ ಆಚೀಚೆ ಕೂತರು.

"ಅಮ್ಮಂಗೆ ತುಂಬಾ ನೋವಿತ್ತಾ ಚಿಕ್ಕಮ್ಮ?"

ಇಲ್ಲ ಎಂದುಬಿಡುವುದು ಸುಲಭವಿತ್ತು. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು.

"ಇತ್ತು ಕಣೇ," ಎಂದಳು ಚಿಕ್ಕಮ್ಮ. "ತುಂಬಾ ಇತ್ತು."

ಹುಡುಗಿ ತಲೆಯಾಡಿಸಿದಳು. ಆಮೇಲೆ ತಟ್ಟೆಯನ್ನು ಹತ್ತಿರ ಎಳೆದುಕೊಂಡು, ಅಳುತ್ತಲೇ, ಮೊದಲ ತುತ್ತನ್ನು ಬಾಯಿಗಿಟ್ಟುಕೊಂಡಳು.