ಗುಬ್ಬಿ ಹಾಕಿದ ಬೀಗ

ಆ ಬೀದಿಯಲ್ಲಿ ಯಾರ ಮನೆಯ ಬೀಗ ಕೈಕೊಟ್ಟರೂ ಜನ ಓಡಿಬರುತ್ತಿದ್ದುದು ಬೀಗದ ಮಾಸ್ತರರ ಹತ್ತಿರ. ವಯಸ್ಸು ಎಪ್ಪತ್ತೆರಡು, ಕಣ್ಣು ಮಂದ, ಕಿವಿ ಮಾತ್ರ ಬಲು ಚುರುಕು. ತಂತಿ ತೂರಿಸಿ, ಕಿವಿಗೊಟ್ಟು, ನೀವು ಬೆವರೊರೆಸಿಕೊಳ್ಳುವಷ್ಟರಲ್ಲಿ ತೆಗೆದುಬಿಡುತ್ತಿದ್ದರು. ಅಂಥವರ ಸ್ವಂತ ಮನೆಯ ಮಹಡಿಯಲ್ಲಿ ಐವತ್ತು ವರ್ಷದಿಂದ ತೆರೆಯದ ಬಾಗಿಲೊಂದಿತ್ತು. ನಗಬೇಡಿ. ಅವರೆದುರು ನಕ್ಕವರು ಮತ್ತೆ ಆ ಅಂಗಡಿಯ ಮೆಟ್ಟಿಲು ಹತ್ತಿಲ್ಲ.

ಮನೆ ಅವರ ಅಜ್ಜ ಕಟ್ಟಿಸಿದ್ದು. ಕೆಳಗೆ ಅಂಗಡಿ, ಮೇಲೆ ಸಾಲು ಕೋಣೆಗಳು, ತುದಿಯಲ್ಲಿ ಆ ಕೋಣೆ. ಗಾಳಿ ಬೀಸುವ ಮಧ್ಯಾಹ್ನಗಳಲ್ಲಿ ಒಳಗಿಂದ ಟಕ್, ಟಕ್ ಎಂದು ಸದ್ದು ಬರುತ್ತಿತ್ತು. ಒಳಗೆ ನಿಂತು ಯಾರೋ ಬಾಗಿಲು ಬಡಿದ ಹಾಗೆ. ಮಾಸ್ತರರ ಮಗ ಚಿಕ್ಕಂದಿನಲ್ಲಿ ಅದಕ್ಕೆ ಹೆದರಿ ಚಡ್ಡಿ ಒದ್ದೆ ಮಾಡಿಕೊಂಡವನು. ಈಗ ಅವನ ಮಗಳ ಸರದಿ. ಸೊಸೆಯಂತೂ ಆ ಕಡೆ ಬಟ್ಟೆ ಒಣಹಾಕಲೂ ಹೋಗುತ್ತಿರಲಿಲ್ಲ. ಹೋಗುವವರು ಮಾಸ್ತರರೊಬ್ಬರೇ. ವಾರಕ್ಕೊಮ್ಮೆ ಮಣೆ ಹಾಕಿ ಕೂತು ಬೀಗದ ಕಿಂಡಿಯಲ್ಲಿ ತಂತಿ ಆಡಿಸಿ, ಸೋತು ಇಳಿದುಬರುತ್ತಿದ್ದರು.

ಆ ಬೀಗ ಹಾಕಿದವಳು ಅವರ ತಂಗಿ ಗುಬ್ಬಿ. ಇಬ್ಬರೂ ಕೆಲಸ ಕಲಿತದ್ದು ಅಪ್ಪನ ಬಳಿಯೇ. ಆದರೆ ಅಣ್ಣ ಬೀಗ ತೆಗೆಯಬಲ್ಲವನು, ಗುಬ್ಬಿ ಬೀಗವನ್ನು ಹುಟ್ಟಿಸಬಲ್ಲವಳು. ಇದು ಅಪ್ಪನಿಗೆ ಗೊತ್ತಿತ್ತು, ಅಣ್ಣನಿಗೂ ಗೊತ್ತಿತ್ತು. ಆದರೂ ಅಜ್ಜನ ಕಾಲದ ಹತ್ಯಾರಗಳ ಪೆಟ್ಟಿಗೆಯನ್ನು ಅಪ್ಪ ಮಗನ ಕೈಗಿಟ್ಟ ದಿನ, ಮಗರಾಯ ನೆಲ ನೋಡುತ್ತ ಅದನ್ನು ಇಸಕೊಂಡ. "ನೀನಾದ್ರೂ ಒಂದು ಮಾತು ಹೇಳ್ಬಾರ್ದಿತ್ತಾ ಅಣ್ಣ?" ಎಂದು ಗುಬ್ಬಿ ಕೇಳಿದಾಗಲೂ ಅವನು ಪಿಟ್ಟೆನ್ನಲಿಲ್ಲ. ಅವಳು ಕೋಣೆ ಸೇರಿಕೊಂಡು, ತಾನೇ ಮಾಡಿದ ಬೀಗ ಕೂರಿಸಿ, ಒಳಗಿನಿಂದ ಹೇಳಿದಳು: "ತೆಗೆದ್ರೆ ಪೆಟ್ಟಿಗೆ ನಿಂದೇ ಅಂತ ಒಪ್ಕೋತೀನಿ."

ಮೂರು ದಿನ ಅಣ್ಣ ಬಾಗಿಲ ಮುಂದೆ ಕೂತ. ಎಂಥ ಬೀಗ ಅಂತೀರಿ! ತಂತಿ ಹಾಕಿದರೆ ತಿರುಗುತ್ತದೆ, ಕ್ಲಿಕ್ ಎನ್ನುತ್ತದೆ, ತೆರೆಯುವುದಿಲ್ಲ. ಅಮ್ಮ ಹಿತ್ತಲಲ್ಲಿ ಏಣಿ ಹಾಕಿ ಕಿಟಕಿಯಿಂದ ಮಗಳಿಗೆ ಊಟ ಕೊಡುತ್ತಿದ್ದಳು. ನಾಲ್ಕನೆಯ ದಿನ ಬೆಳಿಗ್ಗೆ ಏಣಿ ಇತ್ತು, ಗುಬ್ಬಿ ಇರಲಿಲ್ಲ.

ಅದೇ ಏಣಿ ಹತ್ತಿ ಒಳಗೆ ಹೋಗಬಹುದಿತ್ತಲ್ಲ ಎನ್ನುತ್ತೀರಿ. ಅಪ್ಪ ಬಿಡಲಿಲ್ಲ. "ಕಿಟಕಿ ಹತ್ತೋದು ಕಳ್ಳರು, ಬಾಗಿಲು ಒಡೆಯೋದು ದರೋಡೆಕೋರರು. ನಾವು ಬೀಗದವರು. ತೆಗೆದು ಹೋಗ್ಬೇಕು, ಇಲ್ಲಾ ಸುಮ್ಮನಿರ್ಬೇಕು." ಆಮೇಲೆ ಪಕ್ಕದ ಮನೆಯವರು ಕಿಟಕಿಗೆ ಗೇಣು ದೂರದಲ್ಲಿ ಗೋಡೆ ಎಬ್ಬಿಸಿದರು. ಅಲ್ಲಿಗೆ ಆ ದಾರಿಯೂ ಮುಚ್ಚಿಹೋಯಿತು. ಅಪ್ಪ ಸತ್ತರೂ ಅಪ್ಪನ ಮಾತು ಸಾಯಲಿಲ್ಲ. ಗುಬ್ಬಿಯಿಂದ ಒಂದು ಕಾಗದ ಬರಲಿಲ್ಲ. ಇವರೂ ಹುಡುಕಿಕೊಂಡು ಹೋಗಲಿಲ್ಲ. ಬೀಗ ತೆಗೆಯದೆ ಯಾವ ಮುಖ ಹೊತ್ತು ಹೋಗುವುದು? ಬಾಗಿಲು ತೆರೆದ ದಿನ ತಂಗಿ ಕ್ಷಮಿಸುತ್ತಾಳೆ ಎಂದು ಅವರು ಗಟ್ಟಿಯಾಗಿ ನಂಬಿದ್ದರು.

ಹೋದ ವಾರ ಅಂಗಡಿಗೆ ನಡುವಯಸ್ಸಿನ ಹೆಂಗಸೊಬ್ಬಳು ಬಂದಳು. ಮಾತಾಡುವ ಮೊದಲು ಮೇಜಿನ ಮೇಲಿದ್ದ ಬೀಗವೊಂದನ್ನೆತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದಳು. ಮಾಸ್ತರರು ತಟ್ಟನೆ ತಲೆಯೆತ್ತಿದರು. ಹಾಗೆ ಮಾಡುತ್ತಿದ್ದವಳು ಜಗತ್ತಿನಲ್ಲಿ ಒಬ್ಬಳೇ.

"ನಾನು ಗುಬ್ಬಿ ಮಗಳು, ಮಾವ. ಅಮ್ಮ ಹೋಗಿ ತಿಂಗಳಾಯ್ತು."

ಮಾಸ್ತರರು ಕೈಯಲ್ಲಿದ್ದ ಅರವನ್ನು ಕೆಳಗಿಟ್ಟರು. ಆಮೇಲೆ ಅವರು ಕೇಳಿದ್ದಾದರೂ ಏನು? "ಆ ಬೀಗದ ಬಗ್ಗೆ ಏನಾದ್ರೂ ಹೇಳಿದ್ಲಾ?" ಎಂಥ ಮನುಷ್ಯ ನೋಡಿ.

ತಂಗಿಯ ಮಗಳು ಅವರನ್ನೇ ನೋಡಿದಳು. "ಹೇಳಿದ್ರು. ಅದು ಬೀಗವೇ ಅಲ್ವಂತೆ, ಮಾವ. ಕಿಂಡಿ ಹಿಂದೆ ನಾಲ್ಕು ಸ್ಪ್ರಿಂಗು, ಎರಡು ತಗಡು. ಸದ್ದು ಮಾಡುತ್ತೆ, ಯಾವುದಕ್ಕೂ ಅಂಟಿಲ್ಲ. ಒಳಗೆ ಇದ್ದದ್ದು ಬರೀ ಒಂದು ಅಗುಳಿ."

"ಮತ್ತೆ... ತೆಗೆಯೋದು ಹೇಗೆ?"

"ಕರೀಬೇಕಿತ್ತು. ಅಮ್ಮ ಮೂರು ದಿನ ಅಗುಳಿ ಮೇಲೆ ಕೈಯಿಟ್ಟು ಕೂತಿದ್ರಂತೆ. ಅಣ್ಣ ಒಂದ್ಸಲ ಗುಬ್ಬಿ ಅನ್ಲಿ, ತೆಗೆದುಬಿಡ್ತೀನಿ ಅಂತ. ನೀವು ಬೀಗದ ಜೊತೆ ಮಾತಾಡ್ತಿದ್ರಂತೆ. ಬಾರೋ, ತಿರುಗೋ ಅಂತ."

ಅದು ನಿಜ. ಮಾಸ್ತರರು ಈಗಲೂ ಬೀಗಗಳ ಜೊತೆ ಮಾತಾಡುತ್ತಾರೆ.

ಅವಳು ಇನ್ನೊಂದು ಮಾತು ಹೇಳಿದಳು. ಹೋಗುವ ಮುನ್ನ ಗುಬ್ಬಿ ಅಗುಳಿಗೆ ಹಿತ್ತಾಳೆ ತಂತಿ ಕಟ್ಟಿ, ಅದರ ತುದಿಯನ್ನು ಚೌಕಟ್ಟಿನ ಸಂದಿಯಿಂದ ಹೊಸ್ತಿಲ ಹತ್ತಿರ ಹೊರಗೆ ಬಿಟ್ಟಿದ್ದಳು. ಕಿಂಡಿಯಿಂದ ಕಣ್ಣು ಕಿತ್ತು ಒಮ್ಮೆ ಕೆಳಗೆ ನೋಡಿದ್ದರೆ ಸಾಕಿತ್ತು.

ಇಬ್ಬರೂ ಮೇಲೆ ಹೋದರು. ಮಾಸ್ತರರು ಮಂಡಿಯೂರಿ, ಚೌಕಟ್ಟಿನ ಬುಡವನ್ನು ಉಳಿಯಿಂದ ಕೆರೆದರು. ಅಪ್ಪನ ಕಾಲದ ಹಸಿರು ಬಣ್ಣ, ತಾವು ಬಳಿಸಿದ ನೀಲಿ, ಮಗ ಬಳಿಸಿದ ಬಿಳಿ, ಎಲ್ಲ ಸಿಪ್ಪೆ ಸಿಪ್ಪೆಯಾಗಿ ಉದುರಿದವು. ಅವುಗಳಡಿ ಹಿತ್ತಾಳೆ ಹೊಳೆಯಿತು. ಹಿಡಿದೆಳೆದರು. ಐವತ್ತು ವರ್ಷ ಗಾಳಿಗೆ ಟಕ್ ಟಕ್ ಎನ್ನುತ್ತಿದ್ದ ಅಗುಳಿ ಚಕಾರವೆತ್ತದೆ ಸರಿಯಿತು. ಸಡಿಲವಾಗಿದ್ದದ್ದು ಅದೇ. ದೆವ್ವವೂ ಇಲ್ಲ, ಮಣ್ಣೂ ಇಲ್ಲ.

ಒಳಗೆ ಧೂಳು, ಜೇಡರ ಬಲೆ, ತೆರೆದೇ ಉಳಿದ ಕಿಟಕಿ, ಅದರಾಚೆ ಪಕ್ಕದ ಮನೆಯ ಗೋಡೆ. ಬಾಗಿಲಿಗೆ ಒತ್ತಿ ಒಂದು ಕುರ್ಚಿ ಇತ್ತು, ಬಾಗಿಲು ತೆರೆಯುವಾಗ ತಗಲಿ ಅದು ಹಿಂದೆ ಸರಿದಿತ್ತು. ಹೊರಗೆ ಮಾಸ್ತರರು ಮಣೆ ಹಾಕುತ್ತಿದ್ದ ಜಾಗಕ್ಕೂ ಆ ಕುರ್ಚಿಗೂ ನಡುವೆ ಇದ್ದದ್ದು ಒಂದು ಹಲಗೆಯಷ್ಟೇ. ಅವರ ಉಸಿರು ಕೂಡ ಗುಬ್ಬಿಗೆ ಕೇಳಿಸಿರಬೇಕು. ಇಷ್ಟು ಚುರುಕು ಕಿವಿಯ ಇವರಿಗೆ ಅವಳ ಉಸಿರು ಕೇಳಿಸಿರಲಿಲ್ಲ.

"ತಪ್ಪು ನಂದು ಕಣಮ್ಮ" ಎಂದರು. "ಪೆಟ್ಟಿಗೆ ಅವಳದ್ದೇ ಅಂತ ಅವತ್ತೇ ಗೊತ್ತಿತ್ತು ನಂಗೆ."

ತಂಗಿಯ ಮಗಳು ಸುಳ್ಳು ಸಮಾಧಾನ ಹೇಳಲಿಲ್ಲ. ಗುಬ್ಬಿ ಬೆಳೆಸಿದ ಮಗಳು.

"ನೀನು ಸ್ವಲ್ಪ ಹೊರಗೆ ನಿಲ್ಲು" ಎಂದು ಮಾಸ್ತರರು ಬಾಗಿಲು ಮುಚ್ಚಿ ಅಗುಳಿ ಹಾಕಿಕೊಂಡರು. ಕುರ್ಚಿಯನ್ನು ಮೊದಲಿದ್ದಲ್ಲಿಗೇ ಎಳೆದು, ಅಗುಳಿಯ ಮೇಲೆ ಕೈಯಿಟ್ಟು ಕೂತರು. ಮೂರು ದಿನ ಹೀಗೆ ಕೂರುವುದೆಂದರೆ ಹೇಗಿದ್ದೀತು ಎಂದು ನೋಡಬೇಕಿತ್ತು ಅವರಿಗೆ. ಐದು ನಿಮಿಷವೂ ಕೂರಲಾಗಲಿಲ್ಲ. "ಗುಬ್ಬಿ" ಎಂದರು, ಮೆಲ್ಲಗೆ, ಬಾಗಿಲ ತಪ್ಪು ಬದಿಯಿಂದ.

ಹೊರಗೆ ಹೆಜ್ಜೆ ಸದ್ದಾಯಿತು. ತಂಗಿಯದೇ ದನಿ ಅನ್ನಿಸುವಂಥ ದನಿಯೊಂದು ಕರೆಯಿತು.

"ಮಾವ?"

ಅವರಿಗೆ ಗೊತ್ತಾಗುವ ಮೊದಲೇ ಅವರ ಕೈ ಅಗುಳಿ ಸರಿಸಿಬಿಟ್ಟಿತ್ತು.