ಹಳೇ ರೆಕಾರ್ಡಿನ ಕೆಮ್ಮು

ಇತಿಹಾಸದ ಮೇಷ್ಟ್ರಿಗೆ ಕಣ್ಣಿಲ್ಲ. ಹನ್ನೊಂದು ಪುಸ್ತಕ ಓದಿ ರೆಕಾರ್ಡ್ ಮಾಡಿಟ್ಟಿದ್ದವಳು ಹೆಂಡತಿ. ಅವಳು ತೀರಿಕೊಂಡ ಮೇಲೆ, ಪಾಠವೆಲ್ಲ ಬಾಯಿಗೆ ಬರುತ್ತಿದ್ದರೂ, ಮೇಷ್ಟ್ರು ದಿನಾ ತಮ್ಮ ಕೋಣೆಯ ಕಂಪ್ಯೂಟರಿನಲ್ಲಿ ಆ ರೆಕಾರ್ಡುಗಳನ್ನೇ ಹಾಕಿಕೊಂಡು ಕೂರುತ್ತಿದ್ದರು.

ವಿಶ್ವವಿದ್ಯಾಲಯದ ಅಂಗವಿಕಲರ ನೆರವು ವಿಭಾಗದ ಮೇಡಂ ಆವತ್ತು ಹೊಸ ಸಾಫ್ಟ್‌ವೇರ್ ಹಾಕಿಕೊಟ್ಟು ಬೀಗಿದರು.

"ಇನ್ಮೇಲೆ ಪುಸ್ತಕ ಕಂಪ್ಯೂಟರೇ ಓದುತ್ತೆ ಸರ್, ಒಂದು ತಪ್ಪಿಲ್ಲದೆ. ಹಳೇದರಲ್ಲಿ ಬರೀ ಕೆಮ್ಮು, ಪಾತ್ರೆ ಸದ್ದು, ಮಧ್ಯೆ ಮಧ್ಯೆ 'ರೀ, ಟೀ ಆರ್ತಿದೆ' ಅಂತ ಬೇರೆ. ಆ ರೆಕಾರ್ಡೆಲ್ಲಾ ಅಳಿಸಿ ಕ್ಲೀನ್ ಮಾಡಿದೀನಿ."

"ವಾಪಸ್ ತರೋಕಾಗಲ್ವಾಮ್ಮ?"

"ಇಲ್ಲ ಸರ್. ಆ ಕಸ ಯಾಕೆ, ಬಿಡಿ."

ಹಾಳು ಉಪಕಾರ! ಬೈಯೋದಾದರೂ ಹೇಗೆ? ಮೇಷ್ಟ್ರು ಹಲ್ಲು ಕಚ್ಚಿಕೊಂಡು "ಒಳ್ಳೇದಾಯ್ತು" ಅಂದರು. ಮೇಡಂ ಹೋದ ಮೇಲೆ ಮೇಜು ತಡವಿ ಲೋಟ ಹಿಡಿದರು. ಟೀ ಯಾವಾಗಲೋ ಆರಿಹೋಗಿತ್ತು.